ಪ್ರತಿ ಗುಂಡಿಯ ಹಿಂದೆ ಒಂದು ದೂರು

ಹೋದ ತಿಂಗಳು ಅಕ್ಕನ ಮಗ ನಂಜನಗೂಡಿನಿಂದ ಬಂದು ನನ್ನ ಮುಂದೆ ಒಂದು ಬಣ್ಣದ ಕಾಗದ ಹರಡಿದ. "ಮಾವ, ಅಮ್ಮನಿಗೆ ಕಿವಿ ಮೆಷಿನ್ನು ಕೊಡಿಸಬೇಕು. ಚಾನೆಲ್ಲು ಜಾಸ್ತಿಯಾದ ಹಾಗೆ ಬೆಲೆಯೂ ಏರ್ತಾ ಹೋಗುತ್ತೆ. ಯಾವುದು ತಗೊಳ್ಳಲಿ, ನೀವೇ ಹೇಳಿ" ಅಂದ. ಕಾಗದದ ಮೇಲುಗಡೆ ಮೆಷಿನ್ನುಗಳ ಹೆಸರು, ಎಡಗಡೆ ಅವುಗಳ ಗುಣಗಳು, ನಡುವೆ ಸಾಲು ಸಾಲು ಸರಿ ಗುರುತು. ಫೀಡ್‌ಬ್ಯಾಕ್ ಕ್ಯಾನ್ಸಲೇಷನ್, ನಾಯ್ಸ್ ರಿಡಕ್ಷನ್, ಡೈರೆಕ್ಷನಲ್ ಮೈಕ್, ಟೆಲಿಕಾಯಿಲ್, ಬ್ಲೂಟೂತ್, ರೀಚಾರ್ಜಬಲ್. ಅವನಿಗೆ ಅದು ಬೆಲೆಪಟ್ಟಿ. ನನಗೆ ಒಂದೊಂದು ಸಾಲಿನಲ್ಲೂ ಒಂದೊಂದು ಮುಖ ಕಂಡಿತು. ಮೆಷಿನ್ನು ಸಿಳ್ಳೆ ಹೊಡೆಯುತ್ತದೆಂದು ಮೊಮ್ಮಗನ ಮದುವೆಗೇ ಹೋಗದ ಪೋಸ್ಟ್‌ಮಾಸ್ತರರು. ಸಂತೆಯಲ್ಲಿ ಗಿರಾಕಿಯ ಮಾತು ಬಿಟ್ಟು ಉಳಿದದ್ದೆಲ್ಲ ಕೇಳುತ್ತದೆಂದು ಅತ್ತ ಬಳೆ ವ್ಯಾಪಾರದ ಹೆಂಗಸು.

ನಾನು ಕಿವಿಯ ಡಾಕ್ಟರಲ್ಲ, ಆಡಿಯಾಲಜಿಸ್ಟೂ ಅಲ್ಲ. 1976ರಲ್ಲಿ ಮೈಸೂರಿನ ಶಿವರಾಮಪೇಟೆಯ ಒಂದು ರೇಡಿಯೋ ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದವನು. ಒಂದು ಮಧ್ಯಾಹ್ನ ಹಿರಿಯರೊಬ್ಬರು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ ತಂದು, "ಇದೂ ರೇಡಿಯೋ ಜಾತಿಯದೇ ಅಲ್ವೇನಪ್ಪಾ, ಸ್ವಲ್ಪ ನೋಡು" ಅಂದರು. ಬಿಚ್ಚಿ ನೋಡಿದೆ. ಒಂದು ಮೈಕು, ಕೆಲವು ಟ್ರಾನ್ಸಿಸ್ಟರು, ಒಂದು ವಾಲ್ಯೂಮ್ ಗುಂಡಿ, ಒಂದು ಪೆನ್‌ಟಾರ್ಚ್ ಸೆಲ್ಲು. ವೈರು ಒಳಗೆ ತುಂಡಾಗಿತ್ತು. ಬೆಸುಗೆ ಹಾಕಿ ಕೊಟ್ಟೆ. ಅವರು ಅದನ್ನು ಕಿವಿಗೆ ಸಿಕ್ಕಿಸಿಕೊಂಡು, "ನಿನ್ನ ಹೆಸರೇನಪ್ಪಾ?" ಅಂತ ಕೇಳಿದರು. ಅದುವರೆಗೆ ಅವರು ಕೇಳಿರಲಿಲ್ಲ. ಕೇಳಿ ಪ್ರಯೋಜನವೂ ಇರಲಿಲ್ಲ. ಅವತ್ತಿನಿಂದ ಅಂಗಡಿಗೆ ಬಂದ ಕಿವಿ ಮೆಷಿನ್ನುಗಳೆಲ್ಲ ನನ್ನ ಮೇಜಿಗೇ ಬಂದವು. ಕಣ್ಣು ಮಂಜಾಗಿ ಬೆಸುಗೆ ಹಾಕುವುದು ಕಷ್ಟವಾಗುವವರೆಗೆ, ಸುಮಾರು ನಲವತ್ತು ವರ್ಷ, ಅದೇ ಕೆಲಸ ಮಾಡಿದೆ.

ಆ ಜೇಬಿನ ಮೆಷಿನ್ನನ್ನು ನಾವು ಪಾಕೆಟ್ ಮಾಡೆಲ್ ಅನ್ನುತ್ತಿದ್ದೆವು. ಪೆಟ್ಟಿಗೆ ಷರ್ಟಿನ ಜೇಬಿನಲ್ಲಿ, ಅಲ್ಲಿಂದ ಕತ್ತಿನ ಪಕ್ಕದಲ್ಲೇ ಹಾದು ಕಿವಿಗೆ ಒಂದು ವೈರು, ತುದಿಯಲ್ಲಿ ಎಂಟಾಣೆ ಅಗಲದ ರಿಸೀವರು, ಅದಕ್ಕೆ ಅಂಟಿದ ಅಕ್ರಿಲಿಕ್ ಮೋಲ್ಡು. ಮೈಕು ಎದೆಯ ಮೇಲೆ ಇರುತ್ತಿದ್ದರಿಂದ ಬಟ್ಟೆ ಉಜ್ಜಿದ ಸದ್ದು ಮೊದಲು ಕೇಳುತ್ತಿತ್ತು, ಎದುರಿಗಿದ್ದವರ ಮಾತು ಆಮೇಲೆ. ಗಂಡಸರಿಗೆ ಜೇಬಾದರೂ ಇತ್ತು. ಹೆಂಗಸರು ಅದನ್ನು ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ಮೇಲೆ ಸೆರಗು, ಒಳಗೆ ಬೆವರು. ಬೇಸಿಗೆ ಕಳೆಯುವ ಹೊತ್ತಿಗೆ ಸೆಲ್ಲಿನ ಸ್ಪ್ರಿಂಗು ಹಸಿರುಗಟ್ಟಿ ನನ್ನ ಮೇಜಿಗೆ ಬರುತ್ತಿತ್ತು. ಎಷ್ಟು ಸ್ಪ್ರಿಂಗು ಉಜ್ಜಿದ್ದೇನೋ ಲೆಕ್ಕವಿಲ್ಲ. ಇಂದಿನ ಪಟ್ಟಿಯಲ್ಲಿ ಐಪಿ 68 ಅಂತ ಒಂದು ಸಾಲಿದೆಯಲ್ಲ, ನೀರು ಮತ್ತು ದೂಳನ್ನು ತಡೆಯುವ ಗುಣ, ಅದನ್ನು ಓದುವಾಗ ನನಗೆ ಆ ಹಸಿರು ಸ್ಪ್ರಿಂಗುಗಳೇ ನೆನಪಾಗುತ್ತವೆ.

ಪೆಟ್ಟಿಗೆಯ ಮೇಲೆ ಎಂ, ಟಿ, ಓ ಅಂತ ಮೂರು ಅಕ್ಷರಗಳ ನಡುವೆ ಓಡಾಡುವ ಒಂದು ಸ್ವಿಚ್ಚಿತ್ತು. ಎಂ ಅಂದರೆ ಮೈಕು, ಓ ಅಂದರೆ ಆಫ್. ಟಿ ಏನೆಂದು ಅರ್ಧ ಜನಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. "ಮಾತು ಕೇಳಲ್ಲ, ಬರೀ ಗುಂಯ್ ಅನ್ನುತ್ತೆ" ಅಂತ ತಂದವರ ಮೆಷಿನ್ನು ನೋಡಿದರೆ, ಬೆರಳು ತಗುಲಿ ಸ್ವಿಚ್ಚು ಟಿ ಕಡೆಗೆ ಸರಿದಿರುತ್ತಿತ್ತು. ಅಲ್ಲಿ ಮೈಕಿನ ಬದಲು ಒಂದು ಪುಟ್ಟ ತಂತಿಸುರುಳಿ, ಅಂದರೆ ಪಟ್ಟಿಯಲ್ಲಿದ್ದ ಟೆಲಿಕಾಯಿಲ್, ಕೆಲಸ ಮಾಡುತ್ತದೆ. ಫೋನಿನ ರಿಸೀವರಿನ ಅಯಸ್ಕಾಂತ ಕ್ಷೇತ್ರವನ್ನು ಅದು ನೇರವಾಗಿ ಹಿಡಿಯುತ್ತದೆ. ಹತ್ತಿರದ ಟ್ಯೂಬ್‌ಲೈಟಿನ ಚೋಕನ್ನೂ ಹಿಡಿಯುತ್ತದೆ. ಕಿವುಡ ಮಕ್ಕಳ ಶಾಲೆಗಳಲ್ಲಿ ಕೊಠಡಿಯ ಸುತ್ತ ವೈರು ಎಳೆದು ಟೀಚರ ದನಿಯನ್ನು ಅದರಲ್ಲಿ ಹರಿಸಿದರೆ, ಹಿಂದಿನ ಬೆಂಚಿನ ಮಗುವಿಗೂ ಮುಂದಿನ ಬೆಂಚಿನಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಇಷ್ಟು ಉಪಕಾರದ ವಸ್ತುವನ್ನು ಒಂದು ಮಾತೂ ಹೇಳಿಕೊಡದೆ ಜನರ ಕೈಗೆ ಕೊಟ್ಟರಲ್ಲ ಅಂತ ನನಗೆ ಇಂದಿಗೂ ಸಂಕಟ.

ಪಾಕೆಟ್ ಮಾಡೆಲ್ಲಿಗಿಂತ ಹಿಂದಕ್ಕೆ ಹೋದರೆ, ಕಿವಿಗೆ ಅಂಗೈ ಒಡ್ಡಿ ಕೇಳುವುದೇ ಮೊದಲ ಮೆಷಿನ್ನು. ತುತ್ತೂರಿಯನ್ನು ತಿರುಗಿಸಿ ಹಿಡಿದು ಅದರ ಕಿರಿದಾದ ತುದಿಯನ್ನು ಕಿವಿಗೆ ಇಟ್ಟುಕೊಂಡದ್ದು ಎರಡನೆಯದು. ಲಂಡನ್ನಿನ ಎಫ್. ಸಿ. ರೈನ್ ಎಂಬಾತ 1800ರ ಸುಮಾರಿಗೆ ಇಂಥ ತುತ್ತೂರಿಗಳನ್ನು ಮಾರುವ ವ್ಯಾಪಾರವನ್ನೇ ಶುರು ಮಾಡಿದ. ಪೋರ್ಚುಗಲ್ಲಿನ ದೊರೆ ಆರನೆಯ ಜಾನ್‌ಗೆ 1819ರಲ್ಲಿ ಅವನು ಒಂದು ಸಿಂಹಾಸನವನ್ನೇ ಮಾಡಿಕೊಟ್ಟ. ಅದರ ಕೈಗಳಲ್ಲಿ ಸಿಂಹದ ಬಾಯಿ. ಬಂದವರು ಮಂಡಿಯೂರಿ ಆ ಬಾಯಿಯೊಳಗೆ ಮಾತಾಡಬೇಕು. ಒಳಗಿನ ಕೊಳವೆಯ ಮೂಲಕ ಅದು ದೊರೆಯ ಕಿವಿಗೆ ತಲುಪುತ್ತಿತ್ತು. ಬೀಥೋವನ್‌ಗೆ ಮೆಲ್ಜೆಲ್ ಎಂಬ ಕುಶಲಿ ಮಾಡಿಕೊಟ್ಟ ತುತ್ತೂರಿಗಳು ಇಂದಿಗೂ ಜರ್ಮನಿಯ ಬಾನ್ ಊರಿನಲ್ಲಿ, ಅವನು ಹುಟ್ಟಿದ ಮನೆಯಲ್ಲಿವೆ. ಅವು ಅವನಿಗೆ ಬಹಳ ಕಾಲ ಒದಗಲಿಲ್ಲ. 1818ರ ಹೊತ್ತಿಗೆ ಬಂದವರ ಕೈಗೆ ಅವನು ನೋಟುಬುಕ್ಕು ಕೊಟ್ಟು ಬರೆಸುತ್ತಿದ್ದ.

ವಿದ್ಯುತ್ತು ಈ ಕಥೆಯೊಳಗೆ ಬಂದದ್ದು ಟೆಲಿಫೋನಿನ ಬೆನ್ನಿಗೆ. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಗ್ರಹಾಂ ಬೆಲ್‌ನ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ. ಟೆಲಿಫೋನಿನ ಇದ್ದಲುಪುಡಿ ಮೈಕನ್ನೇ ಬಳಸಿ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಕಿವಿ ಮೆಷಿನ್ನು ಮಾಡಿದ. ಅವನ ಅಕೌಸ್ಟಿಕಾನ್ ಎಂಬ ಯಂತ್ರವನ್ನು 1902ರ ಪಟ್ಟಾಭಿಷೇಕದ ಹೊತ್ತಿಗೆ ಇಂಗ್ಲೆಂಡಿನ ರಾಣಿ ಅಲೆಕ್ಸಾಂಡ್ರಾ ಬಳಸಿದಳು. ಅವಳು ಹುಟ್ಟಿನಿಂದ ಡೆನ್ಮಾರ್ಕಿನವಳು. ಆ ದೇಶದ ಓಡೆನ್ಸ್ ಊರಿನ ಹಾನ್ಸ್ ಡೆಮಾಂಟ್ ತನ್ನ ಹೆಂಡತಿ ಕಮಿಲಾಗೂ ಅಂಥದೊಂದು ತರಿಸಿಕೊಟ್ಟು, 1904ರಲ್ಲಿ ಅದರ ವ್ಯಾಪಾರಕ್ಕೇ ಇಳಿದ. ಅದೇ ಮುಂದೆ ಓಟಿಕಾನ್ ಕಂಪನಿಯಾಯಿತು. ಹೆಂಡತಿಯ ಕಿವಿಗಾಗಿ ಶುರುವಾದ ಅಂಗಡಿ ಎಂಬ ಸಂಗತಿ ನನಗೆ ಬಹಳ ಇಷ್ಟ.

ಇದ್ದಲಿನ ಮೈಕು ಚರಚರ ಸದ್ದು ಮಾಡುತ್ತಿತ್ತು, ಹೆಚ್ಚು ಕಿವುಡಿದ್ದವರಿಗೆ ಅದರ ಬಲ ಸಾಲುತ್ತಿರಲಿಲ್ಲ. ವಾಲ್ವು ಬಂದಮೇಲೆ ಬಲವೇನೋ ಬಂತು, ಆದರೆ ಅದಕ್ಕೆ ಎರಡು ಬಗೆಯ ಬ್ಯಾಟರಿ ಬೇಕು: ವಾಲ್ವಿನ ತಂತಿ ಕಾಯಿಸಲು ಒಂದು, ಹೆಚ್ಚಿನ ವೋಲ್ಟೇಜಿಗೆ ಇನ್ನೊಂದು. ಮನುಷ್ಯ ಮೆಷಿನ್ನಿಗಿಂತ ಹೆಚ್ಚಾಗಿ ಬ್ಯಾಟರಿಯನ್ನೇ ಹೊತ್ತು ತಿರುಗುತ್ತಿದ್ದ. 1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕಿವಿ ಮೆಷಿನ್ನು ಮಾಡುವವರಿಂದ ಅದಕ್ಕೆ ರಾಯಧನ ಬೇಡವೆಂದು ಬೆಲ್ ಲ್ಯಾಬ್ಸ್ ಬಿಟ್ಟುಕೊಟ್ಟಿತು, ಗ್ರಹಾಂ ಬೆಲ್‌ನ ನೆನಪಿಗೆ. 1952ರ ಕೊನೆಯಲ್ಲಿ ಸೋನೋಟೋನ್ 1010 ಎಂಬ ಮೆಷಿನ್ನು ಬಂತು, ಅದರಲ್ಲಿ ಎರಡು ವಾಲ್ವು, ಒಂದು ಟ್ರಾನ್ಸಿಸ್ಟರು. ಟ್ರಾನ್ಸಿಸ್ಟರ್ ರೇಡಿಯೋ ಅಂಗಡಿಗೆ ಬಂದದ್ದು ಅದಾದ ಮೇಲೆ, 1954ರಲ್ಲಿ. ರೇಡಿಯೋ ರಿಪೇರಿ ಕಲಿತವನಾದ ನನಗೆ ಇದು ತಿಳಿದಾಗ ಮೈ ಜುಮ್ಮೆಂದಿತ್ತು. ಹಾಡು ಕೇಳುವವರಿಗಿಂತ ಮೊದಲು ಮಾತು ಕೇಳದವರಿಗೆ ಅದು ಸಿಕ್ಕಿತ್ತು.

ಮೆಷಿನ್ನು ಮಾಡಿದ್ದಾಯಿತು. ಯಾರಿಗೆ ಯಾವುದು? ಅಕ್ಕನ ಮಗ ಕೇಳಿದ ಈ ಪ್ರಶ್ನೆಯ ಮೇಲೆ ಒಂದು ದೊಡ್ಡ ಜಗಳವೇ ನಡೆದಿದೆ. ಎರಡನೆಯ ಮಹಾಯುದ್ಧದಲ್ಲಿ ಫಿರಂಗಿ ಸದ್ದಿಗೆ ಕಿವಿ ಕಳೆದುಕೊಂಡ ಸೈನಿಕರನ್ನು ಅಮೆರಿಕದ ಪೆನ್ಸಿಲ್ವೇನಿಯಾದ ಡೆಶಾನ್ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಅಲ್ಲಿದ್ದ ರೇಮಂಡ್ ಕಾರ್ಹಾರ್ಟ್ 1946ರಲ್ಲಿ ಒಂದು ಕ್ರಮ ಬರೆದಿಟ್ಟ. ಒಬ್ಬನಿಗೆ ಹಲವು ಮೆಷಿನ್ನು ಹಾಕಿ, ಪದಗಳನ್ನು ಕೇಳಿಸಿ, ನಿಶ್ಶಬ್ದದಲ್ಲೂ ಗದ್ದಲದಲ್ಲೂ ಎಷ್ಟು ಸರಿಯಾಗಿ ಹೇಳುತ್ತಾನೆಂದು ಅಂಕ ಹಾಕಿ, ಹೆಚ್ಚು ಅಂಕ ಬಂದ ಮೆಷಿನ್ನನ್ನು ಅವನಿಗೆ ಕೊಡುವುದು. ಮರುವರ್ಷವೇ ಹಾರ್ವರ್ಡಿನ ತಂಡ ಬೇರೆ ಮಾತು ಹೇಳಿತು: ಇಷ್ಟೆಲ್ಲ ಆಯ್ಕೆ ಬೇಕಿಲ್ಲ; ಎಲ್ಲ ಸ್ವರಗಳನ್ನೂ ಸಮನಾಗಿಯೋ, ಮೇಲಿನವನ್ನು ತುಸು ಹೆಚ್ಚಾಗಿಯೋ ಎತ್ತುವ ಒಂದೇ ಬಗೆಯ ಮೆಷಿನ್ನು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. 1948ರಲ್ಲಿ ಬ್ರಿಟನ್ನಿನ ಆರೋಗ್ಯ ಸೇವೆ ಜನರಿಗೆ ಪುಕ್ಕಟೆಯಾಗಿ ಕೊಡತೊಡಗಿದ ಮೆಡ್ರೆಸ್ಕೋ ಮೆಷಿನ್ನು ಈ ಎರಡನೆಯ ದಾರಿಯದು. ಎಲ್ಲರಿಗೂ ಕೊಡಬೇಕೆಂದರೆ ಒಂದೇ ಮಾದರಿ ಸುಲಭ, ಒಪ್ಪುತ್ತೇನೆ. ಬಡವರ ಕಿವಿಗೂ ಮೆಷಿನ್ನು ಮುಟ್ಟಿಸಿದ ಆ ಕೆಲಸ ದೊಡ್ಡದು. ಆದರೆ ಒಂದೇ ಮಾದರಿ ಎಲ್ಲರಿಗೂ ಆಗುತ್ತದೆ ಅನ್ನುವುದನ್ನು ನನ್ನ ಮೇಜು ನಂಬಗೊಡಲಿಲ್ಲ.

ಯಾಕೆಂದರೆ ನಮ್ಮೂರಿಗೂ ಅದೇ ಬಂತು. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಯೋಜನೆ 1981ರಲ್ಲಿ ಶುರುವಾಗಿ, ಶಿಬಿರಗಳಲ್ಲಿ ಪಾಕೆಟ್ ಮಾಡೆಲ್ಲುಗಳನ್ನು ಹಂಚಿದರು. ಎಷ್ಟೋ ಮಕ್ಕಳು ಅದರಿಂದಲೇ ಮಾತು ಕಲಿತವು. ಆದರೆ ವಯಸ್ಸಾದವರು ತಂದ ಮೆಷಿನ್ನುಗಳಲ್ಲಿ ಅರ್ಧಕ್ಕರ್ಧ ಕೆಟ್ಟೇ ಇರುತ್ತಿರಲಿಲ್ಲ. "ಕೇಳುತ್ತೆ ಕಣಪ್ಪಾ, ಏನು ಅಂತ ತಿಳಿಯಲ್ಲ" ಅನ್ನುವುದು ಅವರ ದೂರು. ಸೆಲ್ಲು ನೋಡಿ, ವೈರು ನೋಡಿ, ಸರಿಯಾಗಿದೆ ಅಂತ ವಾಪಸು ಕೊಡುತ್ತಿದ್ದೆ. ಸರಿಯಿಲ್ಲದಿದ್ದದ್ದು ಮೆಷಿನ್ನಲ್ಲ, ಜೋಡಿ.

ಇದನ್ನು ನನಗೆ ತಿಳಿಸಿಕೊಟ್ಟದ್ದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದ ಆ ಸಂಸ್ಥೆಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಮೈಸೂರಿನವರಿಗೆ ಅದು 'ಸ್ಪೀಚ್ ಅಂಡ್ ಹಿಯರಿಂಗ್'. ನನ್ನ ಗಿರಾಕಿಯೊಬ್ಬರ ಜೊತೆ ಹೋಗಿದ್ದಾಗ ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಅವರ ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆಯ ನಕ್ಷೆ, ಹಿಡಿದು ವಿವರಿಸಿದಳು. ಎಡಗಡೆ ತಗ್ಗಿನ ಸ್ವರಗಳಲ್ಲಿ ಗೆರೆ ಮೇಲೇ ಇದೆ, ಬಲಗಡೆ 2000 ಹರ್ಟ್ಸ್ ದಾಟಿದ ಮೇಲೆ ಬೆಟ್ಟದಿಂದ ಇಳಿದ ಹಾಗೆ ಕೆಳಗೆ ಬಿದ್ದಿದೆ. ವಯಸ್ಸಿನ ಕಿವುಡು ಹೆಚ್ಚಾಗಿ ಹೀಗೇ. ಸ್ವರಾಕ್ಷರಗಳ ಬಲ ತಗ್ಗಿನಲ್ಲಿದೆ, 'ಸ'ಕಾರದ ಬಲ 4000 ಹರ್ಟ್ಸಿನ ಆಚೆಗಿದೆ. ಹಾಗಾಗಿ ಹಾಲು, ಸಾಲು, ಕಾಲು, ಪಾಲು ಎಲ್ಲವೂ ಅವರಿಗೆ 'ಆಲು'. ಬರೀ ಸದ್ದು ಜಾಸ್ತಿ ಮಾಡಿದರೆ 'ಆಲು' ಇನ್ನೂ ಜೋರಾಗಿ ಕೇಳುತ್ತದೆ, ಅಷ್ಟೇ. ಕೇಳದ ಜಾಗದಲ್ಲಿ ಮಾತ್ರ ಎತ್ತಬೇಕು, ಎಷ್ಟು ಕೇಳದೋ ಅದಕ್ಕೆ ತಕ್ಕಷ್ಟು ಎತ್ತಬೇಕು. ಅದಕ್ಕೆ ಸೂತ್ರಗಳಿವೆ. ಆಸ್ಟ್ರೇಲಿಯಾದ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್‌ನಲ್ಲಿ ಡೆನಿಸ್ ಬರ್ನ್ ಮತ್ತು ಜೊತೆಗಾರರು 1976ರಲ್ಲಿ ಒಂದು ಸೂತ್ರ ಕೊಟ್ಟು, 1986ರಲ್ಲಿ ತಿದ್ದಿದರು. ಅದೇ ವಂಶದ ಎನ್‌ಎಎಲ್-ಎನ್‌ಎಲ್2 ಇಂದು ಲೋಕದ ತುಂಬ ಬಳಕೆಯಲ್ಲಿದೆ. ಕಾರ್ಹಾರ್ಟ್ ಹತ್ತು ಮೆಷಿನ್ನು ಬದಲಿಸಿ ಹುಡುಕಿದ್ದನ್ನು ಈಗ ಒಂದೇ ಮೆಷಿನ್ನನ್ನು ಕಂಪ್ಯೂಟರಿಗೆ ಜೋಡಿಸಿ ಹೊಂದಿಸುತ್ತಾರೆ.

ಅದು ಸಾಧ್ಯವಾದದ್ದು ಡಿಜಿಟಲ್ ಬಂದ ಮೇಲೆ. 1987ರಲ್ಲಿ ನಿಕೋಲೆ ಕಂಪನಿಯ ಫೀನಿಕ್ಸ್ ಮತ್ತೆ ಜೇಬಿನ ಪೆಟ್ಟಿಗೆಯಾಗಿಯೇ ಬಂದು, ಭಾರವಾಗಿ, ಉಳಿಯದೆ ಹೋಯಿತು. 1996ರಲ್ಲಿ ವೈಡೆಕ್ಸ್‌ನ ಸೆನ್ಸೋ ಮತ್ತು ಓಟಿಕಾನಿನ ಡಿಜಿಫೋಕಸ್ ಬಂದವು, ಎರಡೂ ಡೆನ್ಮಾರ್ಕಿನವು. ನನ್ನ ಕಸುಬು ಮುಗಿಯತೊಡಗಿದ್ದೂ ಅಲ್ಲಿಂದಲೇ. ಬೆಸುಗೆಗೆ ಜಾಗವೇ ಇಲ್ಲದ ಚಿಪ್ಪು ಅದು. ನನಗೆ ಬೇಸರವಾಗಲಿಲ್ಲ. ಪೋಸ್ಟ್‌ಮಾಸ್ತರರ ಸಿಳ್ಳೆಗೆ ನಾನು ಮಾಡಬಹುದಾಗಿದ್ದದ್ದು ಹೊಸ ಮೋಲ್ಡು ಮಾಡಿಸಲು ಕಳಿಸುವುದಷ್ಟೇ. ಕಿವಿಗೆ ಬಿಟ್ಟ ಸದ್ದು ಸಂದಿನಿಂದ ಹೊರಬಂದು ಮತ್ತೆ ಮೈಕಿಗೆ ಹೋಗಿ, ಮತ್ತೆ ದೊಡ್ಡದಾಗಿ, ಸುತ್ತಿ ಸುತ್ತಿ ಸಿಳ್ಳೆಯಾಗುತ್ತದೆ. ಈಗಿನ ಚಿಪ್ಪು ಆ ಸುತ್ತುವ ಸದ್ದನ್ನು ಗುರುತಿಸಿ, ಅದಕ್ಕೆ ವಿರುದ್ಧವಾದ ಅಲೆ ಕೂಡಿಸಿ ಅಳಿಸಿಹಾಕುತ್ತದೆ. ಇದನ್ನು ಅವರು ನೋಡಬೇಕಿತ್ತು.

ಅಕ್ಕನ ಮಗನಿಗೆ ಇಷ್ಟೆಲ್ಲ ಹೇಳಿ, ಕಾಗದವನ್ನು ಮಡಚಿಸಿದೆ. "ಅಮ್ಮನಿಗೆ ಎಲ್ಲೆಲ್ಲಿ ಕೇಳಲ್ಲ, ಮೊದಲು ಅದನ್ನು ಬರಿ" ಅಂದೆ. ಅಕ್ಕನಿಗೆ 78. ಬೆರಳ ಗಂಟುಗಳಲ್ಲಿ ವಾತ. 312ನೇ ನಂಬರಿನ ಬಟಾಣಿಯಂಥ ಸೆಲ್ಲಿನ ಹಿಂದಿನ ಚೀಟಿ ಕಿತ್ತು, ಅದಕ್ಕೆ ಗಾಳಿ ಸೋಕಿಸಿ, ಗೂಡಿನೊಳಗೆ ಕೂರಿಸುವುದು ಅವಳಿಂದ ಆಗದು. ಹಾಗಾಗಿ ಚಾರ್ಜ್ ಆಗುವುದೇ ಬೇಕು, ರಾತ್ರಿ ಕರೆಂಟು ಹೋದರೆ ಬೆಳಿಗ್ಗೆ ಪರದಾಡದ ಹಾಗೆ ಬ್ಯಾಟರಿಯುಳ್ಳ ಡಬ್ಬಿಯೊಂದಿಗೆ. ದಿನದ ಬಹುಪಾಲು ಅಡುಗೆಮನೆಯಲ್ಲಿ, ಹಬೆ, ಬೆವರು; ಐಪಿ 68 ಇರಲಿ. ಕುಕ್ಕರಿನ ಕೂಗು ಅವಳಿಗೆ ಈಗಲೇ ಕಿವಿ ಚುಚ್ಚುತ್ತದೆ. ಮೆಲುಸದ್ದು ಕೇಳದ ಕಿವಿಗೆ ದೊಡ್ಡ ಸದ್ದು ಎಲ್ಲರಷ್ಟೇ ದೊಡ್ಡದಾಗಿ ಬಡಿಯುತ್ತದೆ. ಹಳೇ ಮೆಷಿನ್ನು ಎರಡನ್ನೂ ಒಂದೇ ಅಳತೆಯಲ್ಲಿ ಎತ್ತುತ್ತಿತ್ತು. ಮೆಲುಮಾತನ್ನು ಹೆಚ್ಚು, ಕೂಗನ್ನು ಕಡಿಮೆ ಎತ್ತುವ ಕಂಪ್ರೆಷನ್ ಈಗ ಅಗ್ಗದ ಡಿಜಿಟಲ್ಲಿನಲ್ಲೂ ಇದೆ. ಅವಳ ತಗ್ಗಿನ ಸ್ವರಗಳು ಇನ್ನೂ ಚೆನ್ನಾಗಿವೆ, ಆದ್ದರಿಂದ ಕಿವಿ ಪೂರ್ತಿ ಮುಚ್ಚುವ ಮೋಲ್ಡು ಬೇಡ. ಮುಚ್ಚಿದರೆ ತನ್ನದೇ ದನಿ ಕೊಡದೊಳಗೆ ಮಾತಾಡಿದ ಹಾಗೆ ಕೇಳುತ್ತದೆ. 2003ರ ನಂತರ ಬಂದ ತೆರೆದ ಡೋಮು, ತೆಳು ವೈರಿನ ಮಾದರಿ ಸಾಕು.

ನಾಯ್ಸ್ ರಿಡಕ್ಷನ್ ಅನ್ನುವ ಪದವನ್ನು ಜನ ಬಹಳ ನಂಬುತ್ತಾರೆ. ಅದು ಫ್ಯಾನಿನ ಸದ್ದು, ಬಸ್ಸಿನ ಗುಡುಗು ತಗ್ಗಿಸಿ ಆಯಾಸ ಕಡಿಮೆ ಮಾಡುತ್ತದೆ. ಮಾತನ್ನು ತಿಳಿಯಾಗಿಸುವುದು ಕಡಿಮೆ. ಗದ್ದಲದಲ್ಲಿ ಮಾತಿಗೆ ನೆರವಾಗುವುದು ಎರಡು ಮೈಕುಗಳಿಂದ ಎದುರಿನ ದನಿಯನ್ನು ಆರಿಸಿಕೊಳ್ಳುವ ಡೈರೆಕ್ಷನಲ್ ವ್ಯವಸ್ಥೆ, ಅದೂ ಮಾತಾಡುವವರು ಹತ್ತಿರ ಎದುರಿಗಿದ್ದರೆ. ಬಳೆ ವ್ಯಾಪಾರದವಳಿಗೆ ಬೇಕಿದ್ದದ್ದು ಅದು. ಸ್ವರಗಳನ್ನು ಹಂಚಿಕೊಂಡು ಬೇರೆಬೇರೆಯಾಗಿ ಎತ್ತುವ ಚಾನೆಲ್ಲುಗಳ ಸಂಖ್ಯೆ ಒಂದು ಮಟ್ಟದವರೆಗೆ ಹೊಂದಿಸಲು ಅನುಕೂಲ, ಆಮೇಲೆ ಏರುವುದು ಬೆಲೆಯೇ. ಆ ದುಡ್ಡಿದ್ದರೆ ಎರಡನೆಯ ಕಿವಿಗೂ ಒಂದು ತಗೊಳ್ಳಿ ಅಂದೆ. ಕರೆದ ದನಿ ಯಾವ ಕಡೆಯದು ಅನ್ನುವುದು ತಿಳಿಯಲು ಎರಡು ಕಿವಿ ಬೇಕು. ಬ್ಲೂಟೂತ್ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅಕ್ಕನೇ ಸೇರಿಸಿದಳು: ಮೊಮ್ಮಗಳು ಪುಣೆಯಿಂದ ರಾತ್ರಿ ಫೋನು ಮಾಡುತ್ತಾಳೆ.

ಪಟ್ಟಿಯಲ್ಲಿ ಯಾವ ಕಂಪನಿಯೂ ಹಾಕದ ಒಂದು ಸಾಲಿದೆ, ಅದನ್ನು ಮಾತ್ರ ನಾನು ಹಟ ಹಿಡಿದು ಮಾಡಿಸಿದೆ. ಮೆಷಿನ್ನು ಹಾಕಿದ ಮೇಲೆ ಕಿವಿಯೊಳಗೆ ನೂಲಿನಂಥ ಒಂದು ಮೃದು ಕೊಳವೆ ಬಿಟ್ಟು, ಕಿವಿಯ ತಮಟೆಯ ಹತ್ತಿರ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆಯುವುದು. ಕಿವಿಯ ದಾರಿ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಸೂತ್ರ ಹೇಳಿದ್ದೂ ಕಿವಿಗೆ ಸಿಕ್ಕಿದ್ದೂ ಒಂದೇ ಆಗಬೇಕೆಂದಿಲ್ಲ. ಅಕ್ಕನ ಬಲಗಿವಿಯಲ್ಲಿ ಮೇಲಿನ ಸ್ವರಗಳು ಗುರಿಗಿಂತ ಕೆಳಗೇ ಇದ್ದವು. ಆಡಿಯಾಲಜಿಸ್ಟ್ ಹುಡುಗಿ ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಎತ್ತಿ ಕೂಡಿಸಿದಳು. ಆಮೇಲೆ ತನ್ನ ಬಾಯಿಗೆ ಕಾಗದ ಅಡ್ಡ ಹಿಡಿದು ಪದಗಳನ್ನು ಹೇಳತೊಡಗಿದಳು. ಅಕ್ಕ ಒಂದೊಂದನ್ನೇ ತಿರುಗಿ ಹೇಳಿದಳು. ಸಾಲು. ಕಾಲು. ಹಾಲು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಮನೆಗೆ ಬಂದ ಮರುದಿನವೇ ಫೋನು. "ಕಾಗದ ಮುಟ್ಟಿದರೆ ಮಳೆ ಹುಯ್ದ ಹಾಗೆ ಆಗುತ್ತೆ ಕಣೋ, ನಲ್ಲಿ ಬಿಟ್ಟರೆ ಕೇಳಲೇಬೇಡ." ವರ್ಷಗಟ್ಟಲೆ ಕೇಳದ ಸದ್ದು, ಮನಸ್ಸು ಒಗ್ಗಬೇಕು, ದಿನಕ್ಕೆ ಇಷ್ಟು ಗಂಟೆ ಅಂತ ಹಾಕಿಕೊಳ್ಳುತ್ತಾ ಹೋಗು, ತೆಗೆದು ಮೂಲೆಗಿಡಬೇಡ ಅಂದೆ. ತೊಂದರೆಯನ್ನೆಲ್ಲ ಬರೆದಿಡು, ಮುಂದಿನ ಗುರುವಾರ ಹೋದಾಗ ತಿದ್ದಿಸೋಣ ಅಂತಲೂ ಹೇಳಿದೆ. ಮೊನ್ನೆ ನಂಜನಗೂಡಿಗೆ ಹೋದರೆ ಅಡುಗೆಮನೆಯ ಗೋಡೆಯಲ್ಲಿ ಹಳೇ ಕ್ಯಾಲೆಂಡರಿನ ಹಾಳೆ ಮೊಳೆಗೆ ಸಿಕ್ಕಿಸಿತ್ತು. ಹಿಂಬದಿಯಲ್ಲಿ ಅವಳ ದುಂಡನೆಯ ಅಕ್ಷರ. ಒಂದು, ಕಾಗದ. ಎರಡು, ನಲ್ಲಿ, ಈಗ ಪರವಾಗಿಲ್ಲ. ಮೂರು, ದೇವಸ್ಥಾನದಲ್ಲಿ ಭಟ್ಟರು ಹೇಳಿದ್ದು ತಿಳಿಯಲಿಲ್ಲ. ನಾಲ್ಕು, ಎಡಗಿವಿಯದು ಮಲಗಿ ಎದ್ದಾಗ ಕಡಿಯುತ್ತೆ. ಐದನೆಯದರ ಮುಂದೆ ಇನ್ನೂ ಏನೂ ಬರೆದಿರಲಿಲ್ಲ. ಪೆನ್ಸಿಲನ್ನು ದಾರ ಕಟ್ಟಿ ಅಲ್ಲೇ ನೇತು ಹಾಕಿದ್ದಳು.